ಸೆರಗಿನ ಗಂಟು

ರಾಜಕುಮಾರನ ಕಸುಬು ವಾಶಿಂಗ್ ಮಶೀನ್ ರಿಪೇರಿ. ಮನೆ ಇಚಲಕರಂಜಿಯಲ್ಲಿ, ಗಿರಾಕಿಗಳು ಮಾತ್ರ ಕೊಲ್ಹಾಪುರದಿಂದ ಹಿಡಿದು ಗಡಹಿಂಗ್ಲಜದವರೆಗೆ. ಇಷ್ಟುದ್ದದ ಸೀಮೆಯನ್ನು ಒಂದು ಮೋಟರ್ ಸೈಕಲ್ಲಿನ ಮೇಲೆ ಸುತ್ತಬೇಕಾದವನು ಒಂದು ಉಪಾಯ ಕಲಿತೇ ಕಲಿಯುತ್ತಾನೆ. ಇವನು ಕಲಿತದ್ದು ಫೋನಿನಲ್ಲೇ ರಿಪೇರಿ ಮಾಡುವುದು. ನೀರು ಹೋಗುತ್ತಿಲ್ಲ ಎಂದರೆ ಪೈಪು ಕೆಳಗಿಳಿಸಿ ಎನ್ನುವುದು, ಮಶೀನು ಕುಣಿಯುತ್ತದೆ ಎಂದರೆ ಯಾವ ಕಾಲು ಗಿಡ್ಡಾಗಿದೆ ನೋಡಿ ರಟ್ಟು ಕೊಡಿ ಎನ್ನುವುದು. ಮುಕ್ಕಾಲು ಪಾಲು ಅದರಲ್ಲೇ ಸರಿಹೋಗುತ್ತಿದ್ದವು, ಉಳಿದವಕ್ಕೆ ಗಾಡಿ ಹೊರಡಿಸುತ್ತಿದ್ದ. ಈ ವಿದ್ಯೆಯ ಬಗ್ಗೆ ಅವನಿಗೆ ಒಂದಿಷ್ಟು ಜಂಬವೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ಯಾವ ಊರಿನ ಮಶೀನು ಏನು ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತದೆ ಎಂಬುದು ಅವನಿಗೆ ಬಾಯಿಪಾಠ. ಇಚಲಕರಂಜಿಯವು ಮಗ್ಗದ ಹತ್ತಿ ಧೂಳು ತಿನ್ನುತ್ತವೆ. ಕೊಲ್ಹಾಪುರದ ಪಾತ್ರೆ ತೊಳೆಯುವ ಮಶೀನುಗಳಿಗೆ ತಾಂಬಡಾ ರಸ್ಸಾ ಎಂಬ ಕೆಂಪು ಸಾರಿನ ಎಣ್ಣೆ ಮೆತ್ತಿ ಉಸಿರು ಕಟ್ಟುತ್ತದೆ. ಗಡಹಿಂಗ್ಲಜದವರ ಮಶೀನು ಬಿಚ್ಚಿದರೆ ಮೆಣಸಿನಕಾಯಿ ಬೀಜ. ಇನ್ನು ಹೆಂಗಸರ ಸೆರಗಿನ ಗಂಟು ಎಲ್ಲ ಊರಿಗೂ ಒಂದೇ. ಕೀಲಿಕೈ, ಅಡಿಕೆ ಹೋಳು, ಗುಡಿಯ ಭಂಡಾರದ ಅರಿಶಿನ, ಏನೆಲ್ಲವನ್ನೂ ತುದಿಗೆ ಗಂಟು ಹಾಕಿ ಮರೆತು ಹಾಗೇ ಒಗೆಯಲು ಹಾಕುತ್ತಾರೆ. ಅದಕ್ಕೇ ಯಾರಾದರೂ ಸೀರೆ ಸಿಕ್ಕಿಕೊಂಡಿದೆ ಎಂದು ಫೋನು ಮಾಡಿದರೆ, ಸೆರಗಿಗೆ ಏನಾದರೂ ಕಟ್ಟಿದ್ದೀರಾ ಎಂದು ಮೊದಲು ಕೇಳುವುದು ಅವನ ಪದ್ಧತಿ. ಆ ದಿನ ಒಂದೇ ದಿನ ಕೇಳಲಿಲ್ಲ.

ಆ ದಿನ ಅವನು ಕೊಲ್ಹಾಪುರದಲ್ಲಿ ಒಂದು ದೊಡ್ಡ ಮನೆಯ ಅಡುಗೆಮನೆಯಲ್ಲಿ ನೊರೆಯ ನಡುವೆ ಮೊಣಕಾಲೂರಿ ಕೂತಿದ್ದ. ಪಾತ್ರೆ ಮಶೀನಿಗೆ ಅದರ ಪುಡಿಯ ಬದಲು ಕೈಯಲ್ಲಿ ತಿಕ್ಕುವ ಸೋಪಿನ ನೀರು ಸುರಿದಿದ್ದರು, ನೊರೆ ಹೊಸ್ತಿಲು ದಾಟಿ ಹಾಲ್‌ಗೆ ಹೊರಟಿತ್ತು. ಮನೆಯೊಡತಿ ಮರಾಠಿಯಲ್ಲಿ ಮಶೀನಿಗೂ ಇವನಿಗೂ ಸೇರಿಸಿಯೇ ಬೈಯುತ್ತಿದ್ದಳು. ಅಷ್ಟರಲ್ಲಿ ಗಡಹಿಂಗ್ಲಜದ ಮನೀಷಾಳ ಫೋನು ಬಂತು. ಬೆಲ್ಲ, ಮೆಣಸಿನಕಾಯಿ ವ್ಯಾಪಾರದ ಕೇದಾರನ ಹೆಂಡತಿ, ಹಳೆಯ ಗಿರಾಕಿ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡ.

"ಅಣ್ಣಾ, ಸೀರಿ ಸೆರಗ ಮಶೀನಿನ ಸಂದ್ಯಾಗ ಸಿಕ್ಕೊಂಡೈತ್ರಿ. ಜಗ್ಗಿದ್ರ ಬರವಲ್ದು," ಎಂದಳು ಮನೀಷಾ. ಪಕ್ಕದಲ್ಲಿ ಯಾರೋ ಮಲಗಿದ್ದಾರೇನೋ ಎನ್ನುವಷ್ಟು ಸಣ್ಣ ದನಿ.

"ಜಗ್ಗಬ್ಯಾಡ್ರಿ, ಹರೀತೈತಿ. ಮುಚ್ಚಳ ಹಾಕಿ ಬರೇ ಸ್ಪಿನ್ ಹಚ್ರಿ. ಕಟಕಟ ಅಂತೈತಿ, ಅಂಜಬ್ಯಾಡ್ರಿ. ಸದ್ದ ನಿಲ್ಲೂತನಾ ತಿರಗಸ್ರಿ, ತಾನ ಬಿಡತೈತಿ."

ಅವಳು ಇನ್ನೇನೋ ಹೇಳಲಿಕ್ಕೆ ಉಸಿರು ಎಳೆದುಕೊಂಡಳು. ಆಮೇಲೆ ಹೂಂ ಎಂದು ಇಟ್ಟುಬಿಟ್ಟಳು. ಇವನು ಮತ್ತೆ ನೊರೆ ಬಳಿಯತೊಡಗಿದ.

ನೊರೆ ಮುಗಿಸಿ ಕೈ ಒರೆಸಿಕೊಳ್ಳುವ ಹೊತ್ತಿಗೆ ಕೇದಾರನ ಫೋನು. ಇದ್ದಲ್ಲಿಂದ ಎದ್ದು ಬಾ ಎಂದ. ಏನಾಗಿದೆ ಎಂದು ಕೇಳಿದರೆ ಆ ಗಟ್ಟಿ ವ್ಯಾಪಾರಿಯ ದನಿ ನಡುಗಿತು. "ಅವ್ವನ ಲಿಂಗ ಅದರಾಗ ಐತೋ ಮಾರಾಯಾ," ಎಂದ.

ರಾಜಕುಮಾರ ಕೂಲಿಯನ್ನೂ ಕೇಳದೆ ಗಾಡಿಯ ಹತ್ತಿರ ಓಡಿದ.

ನಡೆದದ್ದು ಹೀಗೆ. ಕೇದಾರನ ತಾಯಿ ಹಾಲವ್ವನಿಗೆ ಪಿತ್ತಕೋಶದ ಆಪರೇಶನ್ ಆಗಿತ್ತು. ಕೊಲ್ಹಾಪುರದ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಮುದುಕಿ ಕೊರಳಿನ ಲಿಂಗ ಬಿಟ್ಟಿರಲಿಲ್ಲ, ಹಾಸಿಗೆಯಲ್ಲೇ ಅಂಗೈಯಲ್ಲಿ ಹಿಡಿದು ಪೂಜೆ ಮಾಡಿಕೊಂಡೇ ಬಾಯಿಗೆ ನೀರು ಹಾಕುತ್ತಿದ್ದಳು. ಮನೆಗೆ ಹೊರಡುವ ದಿನ ಕೊನೆಯದೊಂದು ಸ್ಕ್ಯಾನ್. ಮೈಮೇಲಿನದೆಲ್ಲ ತೆಗೆಯಿರಿ ಎಂದರು. ಸೊಸೆಯೇ ಲಿಂಗವನ್ನು ಅದರ ಬಿಳಿ ವಸ್ತ್ರ, ದಾರ ಸಮೇತ ಬಿಚ್ಚಿಕೊಂಡಳು. ಬಿಚ್ಚಿದ್ದೇನೋ ಸರಿ, ಇಡುವುದೆಲ್ಲಿ? ಆಸ್ಪತ್ರೆಯ ಮೇಜಿನ ಮೇಲೆ ಇಡುವಂತಿಲ್ಲ, ಚರ್ಮದ ಪರ್ಸಿನಲ್ಲಿ ಹಾಕುವಂತಿಲ್ಲ. ಅತ್ತೆಯ ಸೀರೆಯ ಸೆರಗಿಗಿಂತ ಮಡಿಯಾದ ಜಾಗ ಅವಳಿಗೆ ಕಾಣಲಿಲ್ಲ, ಅದರ ತುದಿಗೆ ಕಟ್ಟಿ ಬಿಗಿದಳು. ಒಳಗೆ ಆಸ್ಪತ್ರೆಯವರು ಮುದುಕಿಗೆ ತಮ್ಮ ಅಂಗಿ ತೊಡಿಸಿದರು, ಸೀರೆ ಮಡಚಿ ಚೀಲ ಸೇರಿತು. ಸ್ಕ್ಯಾನ್ ಮುಗಿದ ಮೇಲೆ ಉಡಿಸಿದ್ದು ಮನೆಯಿಂದ ತಂದ ಬೇರೆ ಸೀರೆ. ಇಂಜೆಕ್ಷನ್ನಿನ ಅಮಲಿನಲ್ಲಿ ಹಾಲವ್ವ ದಾರಿಯುದ್ದಕ್ಕೂ ಕಾರಿನಲ್ಲಿ ನಿದ್ದೆ ಮಾಡಿದಳು.

ಆಸ್ಪತ್ರೆಯ ಬಟ್ಟೆ ಒಗೆಯದೆ ಹೊಸ್ತಿಲು ದಾಟಬಾರದೆಂಬುದು ಆ ಮನೆಯ ಕಟ್ಟಳೆ. ಹಾಲವ್ವನೇ ಹಾಕಿದ ಕಟ್ಟಳೆ. ಮನೀಷಾ ಹಿತ್ತಿಲ ಕಡೆಯಿಂದಲೇ ಬಂದು ಚೀಲವನ್ನು ಹಾಗೆಯೇ ಮಶೀನಿನೊಳಗೆ ಬೋರಲು ಹಾಕಿ, ಬಿಸಿನೀರು, ಔಷಧಿ ನೀರು ಎಲ್ಲ ಸುರಿದು ಗುಂಡಿ ಒತ್ತಿದಳು. ಅತ್ತೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಪೂಜೆಗೆಂದು ಕೊರಳಿಗೆ ಕೈ ಹಾಕಿದ ಮೇಲೆಯೇ ಅವಳಿಗೆ ನೆನಪಾದದ್ದು. ಓಡಿಹೋಗಿ ಮಶೀನು ನಿಲ್ಲಿಸಿ ಮುಚ್ಚಳ ತೆಗೆದಳು. ಸೀರೆ ಸಿಕ್ಕಿತು. ಸೆರಗಿನ ತುದಿ ಮಾತ್ರ ಡ್ರಮ್ಮಿನ ಅಂಚು ದಾಟಿ ಸಂದಿಯೊಳಗೆ ಇಳಿದುಬಿಟ್ಟಿತ್ತು. ಆಗ ಇವನಿಗೆ ಫೋನು ಮಾಡಿದ್ದು. ಪೂಜೆಯ ಮಣೆ ಅಲ್ಲೇ ಗೋಡೆಯಾಚೆ. ಅತ್ತೆಗೆ ಕೇಳುವಂತೆ, ಲಿಂಗ ಹೋಯಿತು ಎನ್ನುವ ಮಾತನ್ನು ಯಾವ ಸೊಸೆ ಬಾಯಿಂದ ಆಡುತ್ತಾಳೆ? ಸೆರಗು ಬರಲೇ ಇಲ್ಲ, ಕೊನೆಗೆ ಗಂಡನಿಗೆ ಹೇಳಿದಳು, ಮುದುಕಿಗೂ ತಿಳಿಯಿತು.

ಕಾಗಲ ದಾಟಿ, ನಿಪ್ಪಾಣಿ ದಾಟಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಮುಂದೆ ನುಸುಳುತ್ತ ರಾಜಕುಮಾರ ಗಾಡಿ ಓಡಿಸಿದ. ಅವನ ಮನೆತನದಲ್ಲೂ ಲಿಂಗ ಕಟ್ಟುತ್ತಾರೆ. ತಾಯಿ ಮಲಕವ್ವ ಮಗ್ಗದ ಪಾಳಿಯ ನಡುವೆ ನೂಲಿನ ಕಂಡಿಕೆಗಳ ಬುಟ್ಟಿ ಸರಿಸಿ ಅಲ್ಲೇ ಕೂತು ಪೂಜೆ ಮಾಡಿದ್ದನ್ನು ನೋಡಿ ಬೆಳೆದವನು. ತನ್ನದನ್ನು ಮಾತ್ರ, ಹೊಲಸು ನೀರು, ಕರೆಂಟಿನ ಕೆಲಸ ಎಂದು ನೆಪ ಹೇಳಿ ಮನೆಯ ದೇವರ ಗೂಡಿನಲ್ಲಿ ತೂಗುಹಾಕಿದ್ದ. ಸದ್ದು ನಿಲ್ಲುವ ತನಕ ತಿರುಗಿಸಿ ಎಂದಿದ್ದೆನಲ್ಲ ಎಂಬುದು ನಿಪ್ಪಾಣಿಯ ಹತ್ತಿರ ಅವನ ತಲೆಗೆ ಬಂತು. ಅವಳು ತಿರುಗಿಸಿರಲಿಕ್ಕಿಲ್ಲ, ಹೆದರಿ ಬಿಟ್ಟಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಸಮಾಧಾನ ಗಡಹಿಂಗ್ಲಜದ ತನಕವೂ ಬಾಳಲಿಲ್ಲ.

ಹಾಲವ್ವ ತನ್ನ ಮಂಚವನ್ನು ಹಿತ್ತಿಲ ಬಾಗಿಲಿಗೆ ಎಳೆಸಿಕೊಂಡಿದ್ದಳು. ಅಲ್ಲಿಂದ ಮಶೀನು ನೇರ ಕಾಣುತ್ತದೆ. ಹಣೆಯ ಮೇಲೆ ವಿಭೂತಿ ಒಣಗಿತ್ತು, ತುಟಿಯೂ ಒಣಗಿತ್ತು. ಸ್ಕ್ಯಾನಿಗೆಂದು ಹಿಂದಿನ ರಾತ್ರಿಯಿಂದಲೇ ಏನೂ ತಿನ್ನದಿದ್ದ ಜೀವ, ಈಗ ನೀರೂ ಒಲ್ಲೆನೆಂದು ಕೂತಿತ್ತು. ಊಟದ ಮೇಲೆ ನುಂಗಬೇಕಾದ ಗುಳಿಗೆಗಳು ತಲೆದಿಂಬಿನ ಪಕ್ಕ ಹಾಗೇ ಇದ್ದವು. ಸಂಜೆಯೊಳಗೆ ಹೊಟ್ಟೆಗೆ ಏನಾದರೂ ಹೋಗದಿದ್ದರೆ ಹೊಲಿಗೆ ಹಾಕಿದ ಮೈ ತಡೆಯುವುದಿಲ್ಲ, ಮತ್ತೆ ತಂದು ಸೇರಿಸಬೇಕಾಗುತ್ತದೆ, ಆಗ ನನ್ನ ಕೈಯಲ್ಲೂ ಏನಿಲ್ಲ ಎಂದು ಡಾಕ್ಟರು ಫೋನಿನಲ್ಲಿ ಖಡಾಖಂಡಿತ ಹೇಳಿದ್ದರು. ಎದುರಿಗೆ ಕುರ್ಚಿಯ ಮೇಲೆ ಮನೆತನದ ಸಿದ್ಧಲಿಂಗ ಸ್ವಾಮಿ. ಹೋದದ್ದು ಹೋಯಿತು, ಶಾಸ್ತ್ರದಲ್ಲಿ ದಾರಿಯಿದೆ, ಹೊಸದನ್ನು ಸಂಸ್ಕಾರ ಮಾಡಿ ಕಟ್ಟುತ್ತೇನೆ ಎಂದು ಸ್ವಾಮಿ ಹೇಳುತ್ತಲೇ ಇದ್ದರಂತೆ. ಅದಕ್ಕೆ ಮುದುಕಿ ಒಂದೇ ಮಾತು ಕೇಳಿದ್ದಳು.

"ಸ್ವಾಮೇರ, ಪ್ರಾಣ ಹೋದ್ರ ಹೊಸಾದ ತಂದ ಕಟ್ಟತೀರೇನ್ರಿ?"

ಆಮೇಲೆ ಸ್ವಾಮಿ ಶಾಸ್ತ್ರ ಹೇಳುವುದನ್ನು ಬಿಟ್ಟಿದ್ದರು.

ಹಸಿದು ಕೂತವಳು ರಾಜಕುಮಾರನನ್ನು ಕಂಡೊಡನೆ ಉಂಡಿದ್ದೀಯೇನೋ ತಮ್ಮಾ ಎಂದು ಕೇಳಿದಳು. ಉಂಡಿರಲಿಲ್ಲ, ಹೌದ್ರಿ ಎಂದ. ಹಾಗಾದರೆ ಸಾವಕಾಶ ಬಿಚ್ಚು, ಅವಸರ ಮಾಡಬೇಡ ಎಂದಳು.

ಮನೀಷಾ ಮಶೀನಿನ ಪಕ್ಕದಲ್ಲೇ ಗೋಡೆಗೆ ಆತು ನಿಂತಿದ್ದಳು. ಅತ್ತತ್ತು ಮುಖ ಬಾತಿತ್ತು. ಈಗ ಸದ್ದು ಬರುತ್ತದೇನು ಎಂದು ಇವನು ಕೇಳಿದ. ಇಲ್ಲ, ನಿಂತಿದೆ ಎಂದಳು. ಮೊದಲು ಜೋರು ಬರುತ್ತಿತ್ತು, ತಿರುಗಿಸಿ ತಿರುಗಿಸಿ ಸಣ್ಣಗಾಯಿತು, ಆಮೇಲೆ ನಿಂತಿತು. ರಾಜಕುಮಾರ ಮುಖ ತಗ್ಗಿಸಿ ಬೋಲ್ಟು ಬಿಚ್ಚುವ ಪಾನಾ ಹುಡುಕತೊಡಗಿದ. ಪಾನಾ ಕೈಯಲ್ಲೇ ಇತ್ತು.

ಮೇಲಿನ ಮುಚ್ಚಳದ ಚೌಕಟ್ಟು ಬಿಚ್ಚಿದ. ನೀರು ತಡೆಯುವ ಬಳೆ ಎತ್ತಿದ. ಸೀರೆಯನ್ನು ಕತ್ತರಿಸಿ ಹೊರಗೆ ತೆಗೆದು, ತಳದ ಚಕ್ರದ ಬೋಲ್ಟು ಕಳಚಿ, ಕೇದಾರನನ್ನು ಒಂದು ಕಡೆ ಹಿಡಿಯಲು ಹೇಳಿ ಒಳಗಿನ ಡ್ರಮ್ಮು ಎತ್ತಿದ. ಇಷ್ಟನ್ನೂ ಅವನ ಕೈ ತಾನಾಗಿ ಮಾಡಿತು. ಡ್ರಮ್ಮು ಹೊರಗೆ ಬಂದ ಮೇಲೆ ಹೊರಗಿನ ತೊಟ್ಟಿ ಬೆಳಕಿಗೆ ಬಿತ್ತು. ಗೋಡೆಯ ಸುತ್ತ ಸೋಪಿನ ಬೂದು ಕೆಸರು, ಆ ಕೆಸರಿನ ಮೇಲೆ ಬಳೆಯಂತೆ ಒಂದು ಕರಿ ಗೆರೆ ಸುತ್ತು ಬಂದಿತ್ತು. ಸೆರಗಿನ ಗಂಟು ತಿರುಗುವ ಡ್ರಮ್ಮಿಗೂ ನಿಂತ ತೊಟ್ಟಿಗೂ ನಡುವೆ ಸಿಕ್ಕು ಅರೆದುಹೋದ ಗುರುತು ಅದು. ತಳದಲ್ಲಿ ವಸ್ತ್ರದ ಚಿಂದಿ. ದಾರ ನಡುವಿನ ತಿರುಗುಕಂಬಕ್ಕೆ ಸುತ್ತಿಕೊಂಡು ಕೂತಿತ್ತು. ನೀರು ಹೋಗುವ ತೂತಿನ ಬಾಯಿಯಲ್ಲಿ ಲಿಂಗ ಇತ್ತು, ಲಿಂಗ ಎಂದು ಕರೆಯುವುದಾದರೆ. ಮೇಲಿನ ಕಂತಿಯ ಕಪ್ಪು ಲೇಪ ಬಿಸಿನೀರಿಗೆ ಮೆತ್ತಗಾಗಿ ಸಿಪ್ಪೆಯಾಗಿ ಸುಲಿದಿತ್ತು, ಒಳಗಿನ ಕಲ್ಲು ಚೂರಾಗಿತ್ತು. ಒಂದು ಚೂರು ಹೆಬ್ಬೆರಳಿನ ಉಗುರಿನಷ್ಟು, ಉಳಿದವು ಅದಕ್ಕಿಂತ ಸಣ್ಣವು. ಎಷ್ಟೋ ಪಾಲು ನೀರಿನೊಂದಿಗೆ ಗಟಾರಕ್ಕೆ ಹೋಗಿತ್ತು.

ಶಿವಾ ಎಂದ ಅವನು, ಬಾಯಿಬಿಡದೆ. ನೀರಿನಲ್ಲಿ ಸುಮ್ಮನೆ ಬಿಟ್ಟಿದ್ದರೆ ಮೆತ್ತಗಾಗಿಯಾದರೂ ಇಡಿಯಾಗಿ ಇರುತ್ತಿತ್ತು. ಇದು ಅವನಿಗೆ ಗೊತ್ತಾಯಿತು, ಪಕ್ಕದಲ್ಲಿ ಬಗ್ಗಿ ನೋಡಿದ ಮನೀಷಾಳಿಗೂ ಗೊತ್ತಾಯಿತು.

"ನೀವ ಹೇಳಿದ್ರಿ, ತಿರಗಸ್ರಿ ಅಂತ," ಎಂದಳು ಅವಳು, ಅವನಿಗಷ್ಟೇ ಕೇಳುವಂತೆ.

"ನೀವು ಹೇಳಲಿಲ್ಲ, ಏನ ಕಟ್ಟೇನಿ ಅಂತ," ಎಂದ ಅವನು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳುತ್ತಾರೆ. ಆಡದೇ ಇದ್ದರೂ ಹೋಗುತ್ತದೆ ಎಂಬುದನ್ನು ಯಾವ ಹಿರಿಯನೂ ಹೇಳಿರಲಿಲ್ಲ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ತಿರುಗಿ ನಿಂತಳು. ಅವನು ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಒಂದು ಒಣ ಅರಿವೆಯಲ್ಲಿ ಸುತ್ತಿ ಚೀಲದಲ್ಲಿಟ್ಟ.

ಕೇದಾರ ನೋಡಿಯೇ ನೋಡಿದ. ಅಳುವ ಆಸಾಮಿಯಲ್ಲ ಅವನು, ವ್ಯವಹಾರದ ಆಸಾಮಿ. ಎದ್ದು ಹೋಗಿ ಸ್ವಾಮಿಯನ್ನು ನೀರು ಕುಡಿಯುವ ನೆಪದಲ್ಲಿ ಹಿತ್ತಿಲಿಗೆ ಕರೆತಂದ. ಸ್ವಾಮಿಯ ಜೋಳಿಗೆಯಲ್ಲಿ ಹೊಸ ಲಿಂಗವಿತ್ತು. ಅದನ್ನೇ ತೊಟ್ಟಿಯೊಳಗೆ ಇಳಿಸಿ, ಅವ್ವನ ಕಣ್ಣೆದುರೇ ಮೇಲೆ ತೆಗೆದು, ಸಿಕ್ಕಿತು ಎಂದುಬಿಡುವುದು ಕೇದಾರನ ಉಪಾಯ. ಸ್ವಾಮಿ ಒಂದು ಗಳಿಗೆ ಕಣ್ಣು ಮುಚ್ಚಿದರು. ಜೀವ ಉಳಿಸುವ ಸುಳ್ಳಿಗೆ ಪಾಪವಿಲ್ಲ ಎಂದು ಹೇಳಿ ಜೋಳಿಗೆಗೆ ಕೈ ಹಾಕಿದರು. ಮನೀಷಾ ಬೇಡ ಎನ್ನಲಿಲ್ಲ, ಬೇಕು ಎನ್ನಲೂ ಇಲ್ಲ.

ಹೊಸದು ಫಳಫಳ ಹೊಳೆಯುತ್ತಿತ್ತು. ರಾಜಕುಮಾರ ಮಂಚಕ್ಕೆ ಬೆನ್ನು ತಿರುಗಿಸಿ ಕೂತು, ತೊಟ್ಟಿಯ ಬೂದು ಕೆಸರನ್ನು ಬೆರಳಿನಿಂದ ತೆಗೆದು ಅದಕ್ಕೆ ಹಚ್ಚಿ ತಿಕ್ಕಿದ. ಜನರ ಮುಂದೆ ಸುಳ್ಳು ಹೇಳದವನೇನಲ್ಲ ಅವನು. ಕರೆಗೆ ತಡವಾಗಿ ಹೋಗಿ ಗಾಡಿ ಪಂಕ್ಚರ್ ಆಗಿತ್ತು ಎಂದು ಎಷ್ಟು ಸಲ ಹೇಳಿಲ್ಲ? ಇದು ಆ ತರಹದ್ದಲ್ಲ ಎಂದು ಅವನ ಬೆರಳಿಗೇ ತಿಳಿಯಿತು. ಹೊಳಪು ಅಷ್ಟಿಷ್ಟು ಮಾಸಿದ ಮೇಲೆ ತೊಟ್ಟಿಯೊಳಗೆ ತೋಳು ಇಳಿಬಿಟ್ಟು, ಹುಡುಕಿದಂತೆ ಮಾಡಿ, ಮೇಲೆತ್ತಿದ.

"ಸಿಕ್ತ್ರಿ ಅವ್ವಾ," ಎಂದ. ತನ್ನ ದನಿ ತನಗೇ ಬೇರೆಯವರದೆನ್ನಿಸಿತು.

ತಂಬಿಗೆ ನೀರಿನಲ್ಲಿ ತೊಳೆದು ಕೊಟ್ಟ. ಹಾಲವ್ವ ಎಡಗೈ ಚಾಚಿದಳು. ಆ ಅಂಗೈಗೆ ಬುದ್ಧಿ ಬಂದಾಗಿನಿಂದ ದಿನ ಬೆಳಗಾದರೆ ಅದೊಂದೇ ಕೆಲಸ. ಲಿಂಗ ಅಂಗೈಯಲ್ಲಿ ಕೂತಿತು. ಅವಳು ಕಣ್ಣು ಹತ್ತಿರ ತರಲಿಲ್ಲ, ಬೆಳಕಿಗೆ ಹಿಡಿಯಲಿಲ್ಲ. ಬಲಗೈ ಹೆಬ್ಬೆರಳಿನಿಂದ ಒಂದು ಸಲ ಅದರ ಬುಡ ಸವರಿದಳು, ಇನ್ನೊಂದು ಸಲ ಸವರಿದಳು. ಸ್ವಾಮಿ ಮಾಳಿಗೆ ನೋಡುತ್ತಿದ್ದರು.

"ಚಲೋ ಆತು. ಸಿಕ್ತಲ್ಲ," ಎಂದಳು ಹಾಲವ್ವ.

ಕೇದಾರ ಅಲ್ಲೇ ಕೂತು ತಾಯಿಯ ಕಾಲು ಹಿಡಿದುಕೊಂಡ. ಅವಳು ಮಗನ ತಲೆ ಸವರಿ, ಲಿಂಗವನ್ನು ತಲೆದಿಂಬಿನ ಪಕ್ಕ ಗುಳಿಗೆಗಳ ಹತ್ತಿರ ಇಟ್ಟಳು. ದಾರ ಹೊಸದಾಗಿ ಹೊಸೆಯಬೇಕು, ಆಮೇಲೆ ಕಟ್ಟಿಕೊಳ್ಳುತ್ತೇನೆ ಎಂದಳು. ಸ್ವಾಮಿಯವರಿಗೆ ಹೊತ್ತಾಯಿತು, ಮಠಕ್ಕೆ ಮುಟ್ಟಿಸಿ ಬಾ ಎಂದು ಮಗನಿಗೆ ಹೇಳಿದಳು. ಚಹಾ ಮಾಡು ಎಂದು ಸೊಸೆಗೆ ಹೇಳಿದಳು. ಮನೆಗೆ ಜೀವ ಬಂದಂತಾಯಿತು. ಬಾಗಿಲಾಚೆ ಕೇದಾರ ಆಗಲೇ ಫೋನು ಹಚ್ಚಿ, "ಆಯಿ ಬರೀ ಆಹೆ ಆತಾ, ಕಾಳಜಿ ನಕೋ," ಅವ್ವ ಈಗ ಆರಾಮ, ಚಿಂತೆ ಬೇಡ ಎಂದು ಕೊಲ್ಹಾಪುರದ ಬೀಗರಿಗೆ ಮರಾಠಿಯಲ್ಲಿ ಹೇಳುತ್ತಿದ್ದುದು ಕೇಳಿಸಿತು. ರಾಜಕುಮಾರ ಗಡಿಬಿಡಿಯಲ್ಲಿ ಡ್ರಮ್ಮು ಕೂರಿಸಿ ಬೋಲ್ಟು ಬಿಗಿಯತೊಡಗಿದ. ಎಲ್ಲ ಸರಿಹೋಯಿತು, ಮುದುಕಿ ನಂಬಿದಳು, ಇಷ್ಟಕ್ಕೆ ಮುಗಿಯಿತು, ಹೊರಟುಬಿಡಬೇಕು ಎಂದು ಅವನ ಮನಸ್ಸು ಒಂದೇ ಸಮ ಹೇಳುತ್ತಿತ್ತು.

"ತಮ್ಮಾ," ಎಂದಳು ಹಾಲವ್ವ. ಅಡುಗೆಮನೆಯಲ್ಲಿ ಸ್ಟೋವಿನ ಸದ್ದು ಶುರುವಾಗುವುದನ್ನೇ ಕಾಯುತ್ತಿದ್ದಳೆಂದು ಕಾಣುತ್ತದೆ. "ನಿನ್ನ ಚೀಲದಾಗ ಕಟ್ಟಿ ಇಟ್ಟೀಯಲ್ಲ, ಅದನ್ನ ಕೊಡು."

ಅವನು ಪಾನಾ ಕೆಳಗಿಟ್ಟ. ಏನು ಎಂದು ಕೇಳುವ ಮುಖವೂ ಅವನಿಗೆ ಉಳಿದಿರಲಿಲ್ಲ. ಅರಿವೆಯ ಗಂಟನ್ನು ತೆಗೆದು ಮಂಚದ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಎಲ್ಲಾ ಇಲ್ರಿ ಅವ್ವಾ. ನೀರಿನ ಕೂಡ ಭಾಳ ಹೋಗೇತಿ."

"ಇದ್ದಷ್ಟ ಕೊಡು. ನನ್ನ ಮಣ್ಣಾಗ ಇಡೂ ಮುಂದ ಕೈಯಾಗ ಏನರ ಬೇಕಲ್ಲ."

ಅವಳು ಗಂಟು ಬಿಚ್ಚಿ ನೋಡಲಿಲ್ಲ. ಹಾಗೆಯೇ ಹಿಡಿಯಲ್ಲಿ ಹಿಡಿದಳು, ಹಿಡಿದ ಕೈಯನ್ನು ಎದೆಯ ಮೇಲೆ ಲಿಂಗ ಇರುತ್ತಿದ್ದ ಜಾಗಕ್ಕೆ ಒತ್ತಿಕೊಂಡಳು. ಆಗ ಅವಳ ಕಣ್ಣಿಂದ ನೀರು ಇಳಿಯಿತು. ಸದ್ದಿಲ್ಲದ ಅಳು, ಆದರೆ ಮೈಯೆಲ್ಲ ಅಲುಗುತ್ತಿತ್ತು, ಹೊಟ್ಟೆಯ ಹೊಲಿಗೆ ನೋಯುತ್ತಿರಬೇಕು. ರಾಜಕುಮಾರನಿಗೂ ಅಳು ಬಂತು. ತಿರುಗಿಸಿ ಎಂದವನು ನಾನೇ, ನಿಮ್ಮ ಸೊಸೆಯದು ತಪ್ಪಿಲ್ಲ ಎಂಬ ಮಾತು ಗಂಟಲ ತನಕ ಬಂತು. ಬಂದದ್ದನ್ನು ಅವನು ನುಂಗಿದ. ಹೇಳಿದ್ದರೆ ಏನೂ ಕೂಡಿ ಬರುತ್ತಿರಲಿಲ್ಲ ಎಂಬುದು ನಿಜ, ಆದರೆ ಅವನು ನುಂಗಿದ್ದು ಆ ಕಾರಣಕ್ಕಲ್ಲ, ಹೆದರಿಕೆಗೆ.

"ಅಕಿಗಿ ಹೇಳಬ್ಯಾಡ, ನನಗ ತಿಳದೈತಿ ಅಂತ," ಎಂದಳು ಹಾಲವ್ವ, ಮುಖ ಒರೆಸಿಕೊಳ್ಳುತ್ತ. "ಅಕಿ ಇನ್ನ ಭಾಳ ದಿನ ಬಾಳೇವು ಮಾಡಬೇಕು."

ಗಂಟನ್ನು ಚಾದರದ ಕೆಳಗೆ ಸರಿಸಿದಳು. ಮನೀಷಾ ಚಹಾ ತಂದಳು. ಜೊತೆಗೆ ತಟ್ಟೆಯಲ್ಲಿ ವಿಭೂತಿ, ತಂಬಿಗೆ ನೀರು, ಎರಡು ಬಿಲ್ವದೆಲೆಯನ್ನೂ ತಂದಿದ್ದಳು, ಅತ್ತೆ ಪೂಜೆ ಮಾಡಿಕೊಂಡು ಕುಡಿಯಲೆಂದು. ಸೊಸೆಯಾಗಿ ಬಂದ ದಿನದಿಂದ ಅವಳು ಕಂಡದ್ದು ಅದನ್ನೇ, ಜ್ವರ ಬಂದಾಗಲೂ, ಮಾವ ರಾವಸಾಹೇಬರು ತೀರಿಕೊಂಡ ದಿನವೂ.

ಹಾಲವ್ವ ತಟ್ಟೆಯ ಕಡೆಗೆ ನೋಡಲಿಲ್ಲ. ತಲೆದಿಂಬಿನ ಪಕ್ಕದ ಲಿಂಗವನ್ನು ಮುಟ್ಟಲಿಲ್ಲ. ನೇರ ಕೈ ಚಾಚಿ ಕಪ್ಪು ತೆಗೆದುಕೊಂಡು, ಊದಿ, ಒಂದು ಗುಟುಕು ಕುಡಿದಳು. ಆಮೇಲೆ ಉಳಿದದ್ದನ್ನೂ ಕುಡಿದಳು. ಗುಳಿಗೆ ನುಂಗಿದಳು.

ಮನೀಷಾ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ತಟ್ಟೆಯಲ್ಲಿನ ತಂಬಿಗೆ ಸಣ್ಣಗೆ ಕಟಕಟ ಎನ್ನತೊಡಗಿತು. ಅವಳು ಅತ್ತೆಯನ್ನು ನೋಡಿದಳು, ಆಮೇಲೆ ರಾಜಕುಮಾರನನ್ನು ನೋಡಿದಳು, ಅವನು ನೆಲ ನೋಡಿದ. ಹೇಳಬೇಡ ಎಂದು ಹಾಲವ್ವ ಅವನನ್ನು ಕೇಳಿಕೊಂಡದ್ದೆಲ್ಲ ಅಷ್ಟರಲ್ಲಿ ವ್ಯರ್ಥವಾಗಿತ್ತು. ಅವಳು ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು. ಏನಾದರೂ ಮಾತಾಡಲೇಬೇಕಿತ್ತು, ಅವಳಿಗೆ ಸಿಕ್ಕಿದ್ದು ದಿನಾ ಆಡುವ ಮಾತೇ.

"ಇನ್ನೊಂದ ಕಪ್ ಕೊಡ್ಲೇನ್ರಿ, ಅತ್ತಿ?"

"ಕೊಡವಾ," ಎಂದಳು ಹಾಲವ್ವ. "ಇನ್ನ ಏನ ಬೇಕಾದ್ರೂ ಕೊಡು."